ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗೋದು ಯಾಕೆ? ಬೆಳಕಿನ ಬಣ್ಣ, ನಮ್ಮ ಮನೆಯ ಬಣ್ಣ

[ದೃಶ್ಯ: ಸ್ಟೀಲ್ ತಟ್ಟೆಯಲ್ಲಿ ಅರಿಶಿನದ ನೀರು. ಬೆರಳ ತುದಿಯಿಂದ ಸುಣ್ಣ ಬೀಳುತ್ತದೆ, ಬಿದ್ದ ಜಾಗದಿಂದ ಕೆಂಪು ಹರಡುತ್ತದೆ. ನಿಧಾನಗತಿ.]

ನಿರೂಪಣೆ:
ನಮಸ್ಕಾರ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಎಲ್ಲೇ ಹೋಗಿ, ಮದುವೆಯಾಗಿ ಬಂದ ಗಂಡು-ಹೆಣ್ಣನ್ನ ಮನೆಯೊಳಗೆ ಕರೆಯೋ ಮುಂಚೆ ಬಾಗಿಲಲ್ಲಿ ಈ ಓಕುಳಿ ನೀರಿನ ಆರತಿ ಎತ್ತುತ್ತಾರೆ. ಗಮನಿಸಿ, ಈ ತಟ್ಟೆಗೆ ಕೆಂಪು ಪುಡಿ ಒಂದು ಚಿಟಿಕೆಯೂ ಬಿದ್ದಿಲ್ಲ. ಹಾಕಿರೋದು ಹಳದಿ ಅರಿಶಿನ, ಬಿಳಿ ಸುಣ್ಣ, ನೀರು. ಹಳದಿಗೆ ಬಿಳಿ ಸೇರಿದರೆ ತಿಳಿ ಹಳದಿ ಆಗಬೇಕಿತ್ತಲ್ಲ, ಕೆಂಪು ಎಲ್ಲಿಂದ ಬಂತು?

ಇವತ್ತು ಇದರ ಬೆನ್ನು ಹತ್ತೋಣ. ನಾವು ಹೇಳಬೇಕಿರೋದು ಒಂದೇ ಮಾತು. ಬಣ್ಣಗಳಿಗೆ ಇರೋ ಶುಭ-ಅಶುಭದ ಅರ್ಥ ಬೆಳಕಿನೊಳಗಿಂದ ಬಂದದ್ದಲ್ಲ. ನಮ್ಮಲ್ಲಿ ಆ ಅರ್ಥ ಅಂಟಿಕೊಂಡಿರೋದು ಬಣ್ಣ ಕೊಡೋ ಪದಾರ್ಥಕ್ಕೆ ಮತ್ತು ಅದನ್ನ ಬಳಸೋ ಸಂದರ್ಭಕ್ಕೆ.

[ದೃಶ್ಯ: ನಂದಿ ಬೆಟ್ಟದ ಸೂರ್ಯೋದಯ. ತೆರೆಯ ಮೇಲೆ ಬಣ್ಣದ ಪಟ್ಟಿ, ಕೆಳಗೆ ಸಂಖ್ಯೆ: 380ರಿಂದ 750.]

ನಿರೂಪಣೆ:
ಮೊದಲು ಬೆಳಕು. ಬೆಳಕಿನ ಅಲೆಯ ಉದ್ದವನ್ನ ನ್ಯಾನೊಮೀಟರಿನಲ್ಲಿ ಅಳೀತಾರೆ. ಒಂದು ಮಿಲಿಮೀಟರನ್ನ ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣೋದು ಸುಮಾರು 380ರಿಂದ 750ರವರೆಗೆ ಮಾತ್ರ. 450ರ ಕೆಳಗೆ ನೇರಳೆ, ಅಲ್ಲಿಂದ 495ರವರೆಗೆ ನೀಲಿ, 570ರವರೆಗೆ ಹಸಿರು, 590ರವರೆಗೆ ಹಳದಿ, 620ರವರೆಗೆ ಕಿತ್ತಳೆ, ಅದರಾಚೆ ಕೆಂಪು. ಈ ಗಡಿಗಳು ನಾವು ಹಾಕಿಕೊಂಡಿದ್ದು. ಕಾಮನಬಿಲ್ಲಲ್ಲಿ ಎಲ್ಲೂ ಗೆರೆ ಇಲ್ಲ. ಪಟ್ಟಕದಲ್ಲಿ, ಅಂದರೆ ಮೂರು ಮೂಲೆಯ ಗಾಜಿನ ತುಂಡಿನಲ್ಲಿ, ಬಿಸಿಲನ್ನ ಬಿಡಿಸಿ ತೋರಿಸಿದ ನ್ಯೂಟನ್ ಏಳು ಬಣ್ಣ ಅಂದದ್ದು ಸಂಗೀತದ ಏಳು ಸ್ವರಕ್ಕೆ ಹೊಂದಿಸೋದಕ್ಕೆ. ಶಾಲೆಯಲ್ಲಿ ಬಾಯಿಪಾಠ ಮಾಡೋ ಏಳರ ಲೆಕ್ಕ ಅಲ್ಲಿಂದ ಬಂತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀವಿ. ಗುಲಾಬಿ, ಕಂದು, ಕಪ್ಪು, ಬಿಳಿ, ಇವು ಕಾಮನಬಿಲ್ಲಲ್ಲಿ ಇಲ್ಲವೇ ಇಲ್ಲ. ಗುಲಾಬಿ ಅಂದರೆ ಕೆಂಪಿನ ಜತೆ ಬಿಳಿಯೋ ನೀಲಿಯೋ ಸೇರಿದ್ದು. ಕಂದು ಅಂದರೆ ಸುತ್ತಲಿನದಕ್ಕಿಂತ ಮಂಕಾಗಿ ಕಾಣೋ ಕಿತ್ತಳೆ. ಮಗುವಿನ ಕೆನ್ನೆಗೆ ಇಡೋ ದೃಷ್ಟಿಬೊಟ್ಟು, ಬೆಳಕು ಹೆಚ್ಚುಕಮ್ಮಿ ವಾಪಸ್ ಬಾರದೇ ಇರೋ ಜಾಗ.

ನಂದಿ ಬೆಟ್ಟಕ್ಕೆ ಬೆಳಗ್ಗೆ ಐದು ಗಂಟೆಗೇ ಗಾಡಿ ಸಾಲು ಕಟ್ಟೋದು ಈ ಕೆಂಪು ಸೂರ್ಯನಿಗೋಸ್ಕರ. ಗಾಳಿಯ ಅಣುಗಳು ಅಲೆ ಚಿಕ್ಕದಾದಷ್ಟೂ ಬೆಳಕನ್ನ ಜಾಸ್ತಿ ಚದುರಿಸ್ತವೆ. 700ರ ಕೆಂಪಿಗಿಂತ 450ರ ನೀಲಿ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತೆ. ಸೂರ್ಯ ಅಂಚಲ್ಲಿ ಇರೋವಾಗ ಬೆಳಕು ಬಹಳ ದೂರ ಗಾಳಿಯೊಳಗೇ ಬರಬೇಕು, ನೀಲಿ ದಾರಿಯಲ್ಲೇ ಚದುರಿಹೋಗಿ ಕೆಂಪು ಉಳಿಯುತ್ತೆ. ಮೋಡದ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಎಲ್ಲಾ ಬಣ್ಣವನ್ನೂ ಒಂದೇ ಸಮ ಚದುರಿಸ್ತವೆ. ಬೆಟ್ಟದ ಮಂಜು ಬೆಳ್ಳಗೆ ಕಾಣೋದು ಅದಕ್ಕೆ.

[ದೃಶ್ಯ: ಮತ್ತೆ ತಟ್ಟೆ. ಹತ್ತಿರದಿಂದ. ಚಮಚ, ಸುಣ್ಣದ ಡಬ್ಬಿ, ನಿಂಬೆಹೋಳು.]

ನಿರೂಪಣೆ:
ಈಗ ತಟ್ಟೆಗೆ ಬನ್ನಿ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಅರಿಶಿನ ಕದಡಿ. ಎಲೆಅಡಿಕೆಗೆ ಹಾಕೋ ಸುಣ್ಣವನ್ನ ಒಂದು ಕಡಲೆಬೇಳೆಯಷ್ಟು ತಗೊಂಡು, ಬೇರೆ ಬಟ್ಟಲಲ್ಲಿ ಎರಡು ಚಮಚ ನೀರಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಬಿಡಿ. ಒಮ್ಮೆಗೇ ಗಡ್ಡೆ ಹಾಕಿದರೆ ತಳದಲ್ಲಿ ಮಡ್ಡಿ ಕೂತು ನೀರು ಕಂದುಕಂದಾಗುತ್ತೆ, ಆರತಿಗೆ ಬೇಕಾದ ಆ ರಕ್ತಗೆಂಪು ಬರಲ್ಲ.

ಎಷ್ಟು ಹಾಕಿದರೂ ಕೆಂಪಾಗ್ತಿಲ್ಲ ಅಂದರೆ ಸುಣ್ಣ ಹಳೇದು. ಮುಚ್ಚಳ ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದಂಥ ಕಲ್ಲುಪುಡಿ ಆಗಿರುತ್ತೆ. ಅದರಲ್ಲಿ ಖಾರ ಇರಲ್ಲ, ಅಂದರೆ ಕ್ಷಾರಗುಣ ಇರಲ್ಲ. ಇನ್ನೊಂದು, ಓಕುಳಿಯನ್ನ ಬೆಳಗ್ಗೆಯೇ ಕಲಸಿಟ್ಟು ಮಧ್ಯಾಹ್ನ ಎತ್ತೋಕೆ ಹೋಗಬೇಡಿ. ಕ್ಷಾರದಲ್ಲಿ ಅರಿಶಿನದ ಬಣ್ಣದ ಅಣು ಬೇಗ ಒಡೆದುಹೋಗುತ್ತೆ, ಕೆಂಪು ಮಾಸಿ ಮಣ್ಣುಬಣ್ಣ ಆಗುತ್ತೆ. ಗಾಡಿ ಬೀದಿಗೆ ಬಂದಮೇಲೆ ಸುಣ್ಣ ಬಿಟ್ಟರೆ ಸಾಕು. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳ ಕೈಗೆ ಡಬ್ಬಿ ಕೊಡಬೇಡಿ.

ಈಗ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿ. ನೋಡಿ, ಮತ್ತೆ ಹಳದಿ.

[ತೆರೆಯ ಮೇಲೆ: ಅರಿಶಿನದ ಅಣುವಿನ ಚಿತ್ರ. ತುದಿಯಲ್ಲಿರೋ ಹೈಡ್ರೋಜನ್ ಕಳಚಿ ಹೋಗುತ್ತದೆ.]

ನಿರೂಪಣೆ:
ಅರಿಶಿನದ ಬಣ್ಣದ ಹೆಸರು ಕರ್ಕ್ಯುಮಿನ್. ಅದು 425ರ ಆಸುಪಾಸಿನ ಬೆಳಕನ್ನ, ಅಂದರೆ ನೇರಳೆ-ನೀಲಿಯನ್ನ, ನುಂಗುತ್ತೆ. ಉಳಿದ ಹಸಿರು, ಹಳದಿ, ಕೆಂಪು ಮೂರೂ ಒಟ್ಟಿಗೆ ಕಣ್ಣಿಗೆ ಬಂದಾಗ ನಮಗೆ ಕಾಣೋದು ಹಳದಿ. ಸುಣ್ಣ ಬಿದ್ದಾಗ ಅಣುವಿನಿಂದ ಒಂದು ಹೈಡ್ರೋಜನ್ ಕಳಚಿಕೊಳ್ಳುತ್ತೆ, ಎಲೆಕ್ಟ್ರಾನುಗಳಿಗೆ ಓಡಾಡೋ ಜಾಗ ಸಲೀಸಾಗುತ್ತೆ, ಕಡಿಮೆ ಶಕ್ತಿಯ ಬೆಳಕೂ ಅವಕ್ಕೆ ಸಾಕಾಗುತ್ತೆ. ನುಂಗೋ ಜಾಗ 470ರ ಕಡೆಗೆ ಜರುಗಿ ಹಸಿರಿಗೂ ಹಬ್ಬುತ್ತೆ. ಹಸಿರು ಹೋದಮೇಲೆ ಉಳಿಯೋದು ಕಿತ್ತಳೆ, ಕೆಂಪು. ಕೆಂಪು ಹೊಸದಾಗಿ ಬಂದದ್ದಲ್ಲ, ಮೊದಲೇ ಇತ್ತು. ಹಸಿರು ಜಾಗ ಬಿಟ್ಟಿದ್ದಕ್ಕೆ ಎದ್ದು ಕಾಣ್ತು.

ಇದನ್ನ ನೀವೇ ನೋಡಬಹುದು. ಹಳೇ ಸಿ.ಡಿ. ಒಂದು ಬೇಕು. ಅದರ ಹೊಳೆಯೋ ಬದಿಯಲ್ಲಿ ಸುತ್ತುಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ 1600 ನ್ಯಾನೊಮೀಟರ್, ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸೋಕೆ ಸರಿಯಾದ ಅಳತೆ. ಮೊಬೈಲ್ ಟಾರ್ಚಿನ ಮೇಲೆ ಕಪ್ಪು ಟೇಪಿನ ಎರಡು ತುಂಡು ಅಂಟಿಸಿ, ನಡುವೆ ಅರ್ಧ ಮಿಲಿಮೀಟರ್ ಸೀಳು ಬಿಡಿ. ಸೀಳು ಅಗಲವಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ನಡುವೆ ಬೆಳ್ಳಗಾಗುತ್ತೆ, ಹೆಚ್ಚಿನವರ ಪ್ರಯೋಗ ಕೆಡೋದು ಇಲ್ಲೇ. ಕತ್ತಲೆ ಕೋಣೆಯಲ್ಲಿ ಮೊಬೈಲನ್ನ ಒಂದು ಮೀಟರ್ ದೂರ ಇಟ್ಟು, ಸೀಳಿನ ಬೆಳಕು ಸಿ.ಡಿ. ಮೇಲೆ ಬೀಳೋ ಹಾಗೆ ಓರೆ ಮಾಡ್ತಾ ಹೋಗಿ. ಬಣ್ಣದ ಪಟ್ಟಿ ಸಿಗುತ್ತೆ. ಈ ಪ್ರಯೋಗವನ್ನ ಬಿಸಿಲಲ್ಲಂತೂ ಮಾಡಲೇಬೇಡಿ, ಸಿ.ಡಿ.ಯಿಂದ ಸೂರ್ಯ ನೇರ ಕಣ್ಣಿಗೆ ಹೊಡೀತಾನೆ.

ಇನ್ನು ಅರಿಶಿನದ ದ್ರಾವಣ. ಬರೀ ನೀರಲ್ಲಿ ಕರ್ಕ್ಯುಮಿನ್ ಕರಗೋದೇ ಇಲ್ಲ ಅನ್ನಬಹುದು. ನೀರು ರಾಡಿಯಾಗಿ ಬೆಳಕನ್ನೇ ತಡೆಯುತ್ತೆ. ಔಷಧಿ ಅಂಗಡಿಯಲ್ಲಿ ಸಿಗೋ ಸರ್ಜಿಕಲ್ ಸ್ಪಿರಿಟ್ 50 ಮಿಲಿಲೀಟರ್‌ಗೆ ಒಂದು ಚಿಟಿಕೆ ಅರಿಶಿನ ಹಾಕಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಗಾಜಿನ ಲೋಟಕ್ಕೆ ಬಗ್ಗಿಸಿ. ಸ್ಪಿರಿಟ್ ಬೆಂಕಿ ಹಿಡಿಯೋ ವಸ್ತು, ಒಲೆ-ದೀಪದ ಹತ್ತಿರ ಬೇಡ. ಲೋಟವನ್ನ ಸೀಳಿನ ಮುಂದೆ ಇಡಿ. ಪಟ್ಟಿಯಲ್ಲಿ ನೇರಳೆ-ನೀಲಿ ಮಾಯ. ಈಗ ಸುಣ್ಣದ ತಿಳಿನೀರು ನಾಲ್ಕು ಹನಿ ಬಿಡಿ. ಹಸಿರಿನ ಅಂಚೂ ಮಸುಕಾಗ್ತಾ ಬರೋದನ್ನ ಕಣ್ಣಾರೆ ನೋಡ್ತೀರಿ.

[ದೃಶ್ಯ: ಮೊಬೈಲ್ ತೆರೆಯ ಮೇಲೆ ಒಂದು ನೀರಿನ ಹನಿ, ಅದರೊಳಗೆ ಕೆಂಪು-ಹಸಿರು ಚುಕ್ಕಿಗಳು.]

ನಿರೂಪಣೆ:
ಇನ್ನೂ ಸೋಜಿಗ ಇದೆ. ಈ ವಿಡಿಯೋದಲ್ಲಿ ನಿಮಗೆ ಕಾಣ್ತಿರೋ ಅರಿಶಿನದ ಹಳದಿಗೆ ನಿಮ್ಮ ಮೊಬೈಲಿನಲ್ಲಿ ಹಳದಿ ಚುಕ್ಕಿಯೇ ಇಲ್ಲ. ತೆರೆಯಲ್ಲಿರೋದು ಕೆಂಪು, ಹಸಿರು, ನೀಲಿ ಚುಕ್ಕಿಗಳು ಅಷ್ಟೇ. ಹಳದಿ ಭಾಗದ ಮೇಲೆ ಒಂದು ಸಣ್ಣ ಹನಿ ನೀರಿಟ್ಟರೆ ಅದೇ ಭೂತಗಾಜಿನ ಕೆಲಸ ಮಾಡುತ್ತೆ, ಒಳಗೆ ಕಾಣೋದು ಕೆಂಪು, ಹಸಿರು ಚುಕ್ಕಿಗಳೇ.

[ದೃಶ್ಯ: ಬಿಳಿ ಧಾರೆ ಸೀರೆ, ಕೆಂಪು ಅಂಚು. ಹಸಿರು ಗಾಜಿನ ಬಳೆ. ಹಸಿರು ಶಾಲು.]

ನಿರೂಪಣೆ:
ಈಗ ಅರ್ಥದ ಮಾತು. ‘ಕೆಂಪು ಶುಭ, ಬಿಳಿ ಸೂತಕ’ ಅಂತ ಪಟ್ಟಿ ಮಾಡಿ ಹೇಳೋ ವಿಡಿಯೋಗಳು ಬೇಕಾದಷ್ಟಿವೆ. ನಮಗೆ ಆ ಪಟ್ಟಿ ಒಪ್ಪಿಗೆ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಧಾರೆ ಸೀರೆಯೇ ಬಿಳಿ, ಅಂಚು ಮಾತ್ರ ಕೆಂಪು. ಇನ್ನು ಹಿಂದೆ ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಗಂಡನ್ನ ಕಳಕೊಂಡ ಹೆಂಗಸಿಗೆ ಉಡಿಸ್ತಿದ್ದದ್ದು ಕೆಂಪು ಸೀರೆ. ಹಣೆಯ ಕುಂಕುಮ ಅಳಿಸಿ, ಮೈಗೆ ಕೆಂಪು ಸೀರೆ. ಎರಡೂ 620ರ ಆಚೆಯ ಬೆಳಕೇ. ಒಂದು ಮುತ್ತೈದೆತನ, ಇನ್ನೊಂದು ಅದನ್ನ ಕಿತ್ತುಕೊಂಡ ಗುರುತು. ಕೆಂಪಿಗೇ ಅರ್ಥ ಇದ್ದಿದ್ದರೆ ಹೀಗಾಗ್ತಿರಲಿಲ್ಲ. ಆ ಹೆಂಗಸರು ಅನುಭವಿಸಿದ್ದನ್ನ ಬಣ್ಣದ ಲೆಕ್ಕಕ್ಕೆ ಬರೆಯೋದು ಅನ್ಯಾಯ, ಅದು ಮನುಷ್ಯರು ಮಾಡಿದ ಕಟ್ಟಳೆ.

ಹಸಿರೂ ಅಷ್ಟೇ. ಮದುವೆಗೆ, ಸೀಮಂತಕ್ಕೆ ತೊಡಿಸೋ ಹಸಿರು ಬಳೆ ಬೆಳೆಯ, ಫಲದ ಗುರುತು. ಅದೇ ಹಸಿರು ಶಾಲು ರೈತ ಸಂಘದವರ ಹೆಗಲೇರಿದಾಗ ಹೋರಾಟದ ಗುರುತು. ನಮ್ಮ ನಾಡಧ್ವಜದ ಹಳದಿ-ಕೆಂಪನ್ನ ಕನ್ನಡಿಗರು ಅರಿಶಿನ-ಕುಂಕುಮ ಅಂತಲೇ ಕರೀತಾರೆ. ಬಣ್ಣದ ಹೆಸರಿಗಿಂತ ಪದಾರ್ಥದ ಹೆಸರೇ ನಾಲಿಗೆಗೆ ಮೊದಲು ಬರೋದು.

[ದೃಶ್ಯ: ಶಿಡ್ಲಘಟ್ಟ. ಹಳದಿ ಗೂಡಿನ ರಾಶಿ, ಪಕ್ಕದಲ್ಲಿ ಬಿಳಿ ಗೂಡಿನ ರಾಶಿ.]

ನಿರೂಪಣೆ:
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದರೆ ಎರಡು ಬಣ್ಣದ ಗೂಡು ಕಾಣುತ್ತೆ. ಮಿಶ್ರತಳಿಯದ್ದು ಹಳದಿ, ದ್ವಿತಳಿಯದ್ದು, ಅಂದರೆ ಬೈವೋಲ್ಟೀನ್ ಅನ್ನೋ ತಳಿಯದ್ದು, ಬಿಳಿ. ಎರಡೂ ಹುಳ ತಿಂದದ್ದು ಅದೇ ಹಿಪ್ಪುನೇರಳೆ ಸೊಪ್ಪು. ಸೊಪ್ಪಿನಲ್ಲಿರೋ ಹಳದಿ ಬಣ್ಣವನ್ನ ಹಳದಿ ಗೂಡಿನ ತಳಿ ತನ್ನ ರೇಷ್ಮೆ ಗ್ರಂಥಿಗೆ ಸಾಗಿಸುತ್ತೆ, ಬಿಳಿ ತಳಿ ಸಾಗಿಸಲ್ಲ. ಆ ಬಣ್ಣ ಕೂರೋದು ಹೆಚ್ಚಾಗಿ ಎಳೆಯ ಮೇಲಿನ ಅಂಟಿನಲ್ಲಿ. ಆ ಅಂಟಿಗೆ ಸೆರಿಸಿನ್ ಅಂತಾರೆ, ನೂಲಿನ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಬಣ್ಣ ಹಾಕೋ ಮುಂಚೆ ಸೋಪು, ಸೋಡಾ ಹಾಕಿದ ನೀರಲ್ಲಿ 90ರಿಂದ 95 ಡಿಗ್ರಿ ಬಿಸಿಯಲ್ಲಿ ನೂಲು ಬೇಯಿಸಿ ಅಂಟು ತೆಗೀತಾರೆ. ಹಳದಿಯೂ ಅದರ ಜತೆಗೇ ಹೋಗುತ್ತೆ. ಅಂಟು ಅಲ್ಲಲ್ಲಿ ಉಳಿದರೆ ಬಣ್ಣ ಒಂದೇ ಸಮ ಹಿಡಿಯದೆ ಸೀರೆಯಲ್ಲಿ ಪಟ್ಟೆಪಟ್ಟೆ ಕಾಣುತ್ತೆ. ಸೋಡಾ ಜಾಸ್ತಿಯಾದರೆ ಎಳೆಯೇ ಸವೆದು ನೂಲಿನ ಬಲ ಕುಗ್ಗುತ್ತೆ.

ಸೀರೆ ಅಂಗಡಿಯಲ್ಲಿ ಇನ್ನೊಂದು ಎಡವಟ್ಟು. ಬಿಳಿ ಎಲ್‌ಇಡಿ ದೀಪ ಅಂದರೆ ಒಳಗೆ 450ರ ಹತ್ತಿರದ ನೀಲಿ ದೀಪ, ಮೇಲೆ ಹಳದಿ ಲೇಪ. ಅಗ್ಗದ ದೀಪದಲ್ಲಿ 480ರ ಹತ್ತಿರ ಮತ್ತು ಗಾಢ ಕೆಂಪಿನಲ್ಲಿ ಬೆಳಕು ಕಡಿಮೆ. ಅಂಗಡಿಯಲ್ಲಿ ಮಂಕಾಗಿ ಕಂಡ ಮೆರೂನ್ ಸೀರೆ ಬಿಸಿಲಲ್ಲಿ ಝಗ್ ಅನ್ನುತ್ತೆ, ಅಲ್ಲಿ ಸರಿಹೊಂದಿದ ರವಿಕೆ ಕಣ ಮನೆ ಅಂಗಳದಲ್ಲಿ ಬೇರೆಯೇ ಕಾಣುತ್ತೆ. ಎರಡು ಬಟ್ಟೆಗೆ ಹಾಕಿರೋ ಬಣ್ಣ ಬೇರೆ ಬೇರೆ ಇದ್ದರೆ ಒಂದು ದೀಪದಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದಲ್ಲ. ಸೀರೆ, ಕಣ ಎರಡನ್ನೂ ಬಾಗಿಲಾಚೆ ನೆರಳಿನಲ್ಲಿ ಹಿಡಿದು ನೋಡಿ, ಹೊತ್ತು ನೆತ್ತಿಗೇರಿದ ಮೇಲೆ ನೋಡಿದರೆ ಒಳ್ಳೇದು. ಬೆಳಗಿನ, ಸಂಜೆಯ ಕೆಂಪು ಬಿಸಿಲೂ ಮೋಸ ಮಾಡುತ್ತೆ.

[ದೃಶ್ಯ: ಬಿಳಿ ಕಾಗದದ ಮೇಲೆ ಕುಂಕುಮದ ಎರಡು ಬೊಟ್ಟು.]

ನಿರೂಪಣೆ:
ಕೊನೆಗೆ ಕುಂಕುಮ. ಅಸಲಿ ಕುಂಕುಮ ಅರಿಶಿನದಿಂದಲೇ ಆಗೋದು. ಸುಣ್ಣ ಹಾಕಿ ಮಾಡಿದ್ದು ಬೇಗ ಮಾಸುತ್ತೆ. ನಿಂಬೆರಸ, ಬಿಳಿಗಾರ (ಬೋರಾಕ್ಸ್) ಹಾಕಿ ಮಾಡಿದ್ದು ಹೆಚ್ಚು ದಿನ ನಿಲ್ಲುತ್ತೆ, ಯಾಕೆಂದರೆ ಬಿಳಿಗಾರದಲ್ಲಿರೋ ಬೋರಾನ್ ಕರ್ಕ್ಯುಮಿನ್ ಜತೆ ಕೂಡಿ ಬೇರೆಯೇ ಕೆಂಪು ವಸ್ತು ಆಗುತ್ತೆ. ಮನೆಯಲ್ಲಿ ಪರೀಕ್ಷೆ ಮಾಡೋರು ನಿಂಬೆರಸ ಒಂದೇ ಹಾಕಿ ತೀರ್ಪು ಕೊಡ್ತಾರೆ, ಅದು ಸಾಲದು. ಎರಡು ಬೊಟ್ಟು ಇಡಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಸುಣ್ಣದ ತಿಳಿ. ಸುಣ್ಣದ ಕುಂಕುಮ ನಿಂಬೆಗೆ ಹಳದಿಯಾಗುತ್ತೆ. ಬಿಳಿಗಾರದ ಕುಂಕುಮ ನಿಂಬೆಗೆ ಜಗ್ಗಲ್ಲ, ಸುಣ್ಣದ ತಿಳಿಗೆ ಕಪ್ಪು-ಹಸಿರಿಗೆ ತಿರುಗುತ್ತೆ. ಎರಡಕ್ಕೂ ಅಲುಗಾಡದೆ ಕೆಂಪಾಗೇ ಇದ್ದು, ನೀರಿಗೆ ಬಿದ್ದ ತಕ್ಷಣ ಗುಲಾಬಿ ಬಣ್ಣ ಬಿಟ್ಟರೆ ಅದು ರಾಸಾಯನಿಕ ಬಣ್ಣ ಅಂತ ಅನುಮಾನ ಪಡಿ, ಹಣೆ ಕಡಿತ ಬರೋದು ಹೆಚ್ಚಾಗಿ ಇಂಥದ್ದರಿಂದ.

ಮದುವೆ ಮುಗಿದಮೇಲೆ ಬಿಳಿ ಪಂಚೆಯಲ್ಲಿ ಅರಿಶಿನದ ಕಲೆ ಇರುತ್ತಲ್ಲ, ಸೋಪು ಹಾಕಿದ ಕೂಡಲೇ ಅದು ಕೆಂಪಾಗುತ್ತೆ. ಗಾಬರಿ ಬೇಡ, ಸೋಪಿನ ಕ್ಷಾರಕ್ಕೆ ಆದದ್ದು ಅದು, ಈ ತಟ್ಟೆಯಲ್ಲಿ ಆದದ್ದೇ. ಚೆನ್ನಾಗಿ ಜಾಲಾಡಿಸಿ ಸೋಪು ಬಿಡಿಸಿ, ಒದ್ದೆ ಇರೋವಾಗಲೇ ಬಿಸಿಲಿಗೆ ಹರವಿ. ಬಿಸಿಲಿಗೆ ಕರ್ಕ್ಯುಮಿನ್ ಒಡೆದು ಕಲೆ ತಾನೇ ತಿಳಿಯಾಗುತ್ತೆ. ಹೋಗಲಿಲ್ಲ ಅಂದರೆ ಮಾರನೇ ದಿನ ಮತ್ತೆ ಒದ್ದೆ ಮಾಡಿ ಹರವಿ. ಇದು ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆಯನ್ನ ಬಿಸಿಲಿಗೆ ಹಾಕಿದರೆ ಕಲೆಗಿಂತ ಮುಂಚೆ ಸೀರೆಯ ಬಣ್ಣವೇ ಹೋಗುತ್ತೆ.