ಮೊಲಾನ ಎತ್ಕೋಬೇಡಿ, ನೀವೇ ನೆಲಕ್ಕಿಳೀರಿ

ಸರಿ, ಮೊದ್ಲು ಈ ಟೀ ಶರ್ಟ್ ನೋಡ್ಬಿಡಿ. ಇದು ಕಪ್ಪು ಬಣ್ಣದ್ದು, ನಂಬಿ, ಬೆಳಿಗ್ಗೆ ಹಾಕ್ಕೊಂಡಾಗ ಕಪ್ಪಾಗೇ ಇತ್ತು. ನಮ್ಮನೆ ಮೊಲ ಗುಂಡ ಕೂದಲು ಉದುರಿಸೋಕೆ ಶುರು ಮಾಡಿದ್ದಾನೆ, ಫ್ಯಾನ್ ಹಾಕಿದ್ರೆ ಸಾಕು, ಎಕ್ಕದ ಕಾಯಿ ಒಡೆದ ಹಾಗೆ ಮನೆ ತುಂಬಾ ಹಾರಾಡುತ್ತೆ, ನಿನ್ನೆ ಸಾರಲ್ಲಿ ಒಂದು ಎಳೆ ಸಿಕ್ತು, ಅಮ್ಮ ಅದನ್ನ ಬೆಳಕಿಗೆ ಹಿಡಿದು ನೋಡಿ "ಇದು ನಿಂದೋ ನಿನ್ನ ಮಗಂದೋ" ಅಂದ್ರು.

ಮೊಲ ಸಾಮಾನ್ಯವಾಗಿ ಮೂರು ತಿಂಗಳಿಗೊಂದು ಸಲ ಹೀಗೆ ತುಪ್ಪಳ ಬದಲಾಯಿಸುತ್ತೆ, ಒಂದು ಸಲ ಗೊತ್ತೇ ಆಗಲ್ಲ, ಇನ್ನೊಂದು ಸಲ ದಿಂಬು ಹರಿದ ಹಾಗೆ. ಹೆಚ್ಚಾಗಿ ತಲೆ ಕಡೆಯಿಂದ ಶುರುವಾಗಿ ಬೆನ್ನು, ಪಕ್ಕೆ ಅಂತ ಹಿಂದಕ್ಕೆ ಹೋಗುತ್ತೆ, ಕೊನೆಗೆ ಹಿಂಭಾಗದಲ್ಲಿ ಗೊಂಚಲು ಗೊಂಚಲಾಗಿ ನಿಂತ್ಕೊಂಡಿರುತ್ತೆ, ನೋಡಿದ್ರೆ ಕೈ ಸುಮ್ನಿರಲ್ಲ, ಕಿತ್ತುಬಿಡೋಣ ಅನ್ಸುತ್ತೆ. ಬಾಚಲೇಬೇಕಾ ಅಂತ ಕೇಳಿದ್ರೆ, ಬೇಕು. ಮೊಲ ದಿನವಿಡೀ ಮೈ ನೆಕ್ಕುತ್ತೆ, ಕೂದಲೆಲ್ಲಾ ಹೊಟ್ಟೆಗೆ ಹೋಗುತ್ತೆ, ಬೆಕ್ಕಾದ್ರೆ ವಾಂತಿ ಮಾಡಿ ಮುಗಿಸುತ್ತೆ, ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಒಳಗೆ ಹೋದದ್ದು ಹಿಂದಿನಿಂದಾನೇ ಹೊರಗೆ ಬರ್ಬೇಕು, ಬೇರೆ ದಾರಿ ಇಲ್ಲ.

ಇದನ್ನ ಓದ್ಕೊಂಡು ಹೆದರಿ ನಾನೇನು ಮಾಡ್ದೆ ಗೊತ್ತಾ, ಗುಂಡ ಬಂದ ಹೊಸದ್ರಲ್ಲಿ, ಅವನನ್ನ ಅಟ್ಟಾಡಿಸಿ ಹಿಡಿದು, ಟವೆಲ್‌ನಲ್ಲಿ ಸುತ್ತಿ, ತೊಡೆ ಮೇಲೆ ಹಾಕ್ಕೊಂಡು, ನಾಯಿಗೆ ಬಳಸೋ ತಂತಿ ಬ್ರಷ್‌ನಲ್ಲಿ ಬಾಚಿದೆ. ಒಂದು ನಿಮಿಷ ಕಲ್ಲಿನ ಥರ ಕೂತಿದ್ದ, ಪರ್ವಾಗಿಲ್ವೇ ಇಷ್ಟಪಡ್ತಿದ್ದಾನೆ ಅಂದ್ಕೊಂಡೆ. ಅದು ಇಷ್ಟ ಅಲ್ಲ ಸ್ವಾಮಿ, ಅದು ಭಯ. ಆಮೇಲೆ ಒದ್ದ ಒದೆಗೆ ಟವೆಲ್ ಒಂದು ಕಡೆ, ಬ್ರಷ್ ಒಂದು ಕಡೆ, ಅವನು ದಿವಾನ್ ಕೆಳಗೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಗಾದೆ ಇದ್ಯಲ್ಲ, ಹಠಕ್ಕೆ ಹೇಳಿದ್ದು ಅಂತ ಗೊತ್ತು, ಆದ್ರೂ ಆ ಗಾದೆ ಕಟ್ಟಿದವರು ಒಂದು ಮೊಲಾನೂ ಹಿಡಿದಿಲ್ಲ ಬಿಡಿ, ಹಿಡಿದಿದ್ರೆ ಎಂಟು ಕಾಲು ಅಂತಿದ್ರು.

ಎರಡು ದಿನ ನನ್ನ ಕೈ ಕಂಡ್ರೆ ನೆಲಕ್ಕೆ ಕಾಲು ಬಡೀತಿದ್ದ. ತಪ್ಪು ಪೂರ್ತಿ ನಂದು. ಯೋಚನೆ ಮಾಡಿ, ಹದ್ದು, ನರಿ, ಬೆಕ್ಕು ಎಲ್ಲರ ಬಾಯಿಗೂ ಊಟ ಆಗೋ ಪ್ರಾಣಿ ಅದು, ಅದರ ಲೆಕ್ಕದಲ್ಲಿ ಮೇಲಿಂದ ಬಂದು ನೆಲದಿಂದ ಎತ್ತೋರು ಒಬ್ರೇ, ತಿನ್ನೋಕೆ ಬಂದೋರು. ಅದೂ ಅಲ್ದೆ ಮೊಲದ ಮೂಳೆ ಎಲ್ಲಾ ಸೇರಿ ಮೈ ತೂಕದ 7-8% ಅಷ್ಟೇ, ಬೆಕ್ಕಿಗೆ 12-13% ಇರುತ್ತೆ. ಮೂಳೆ ಹಗುರ, ಹಿಂಗಾಲಿನ ಮಾಂಸಖಂಡ ಮಾತ್ರ ಭಯಂಕರ ಗಟ್ಟಿ. ಹಿಂಭಾಗಕ್ಕೆ ಆಸರೆ ಇಲ್ದೆ ಹಿಡ್ಕೊಂಡಾಗ ಜೋರಾಗಿ ಒದ್ರೆ ತನ್ನ ಬೆನ್ನುಮೂಳೆ ತಾನೇ ಮುರ್ಕೊಳುತ್ತೆ, ಉತ್ಪ್ರೇಕ್ಷೆ ಅಲ್ಲ, ಹಾಗೆ ಸೊಂಟದ ಕೆಳಗೆ ಸ್ವಾಧೀನ ಕಳ್ಕೊಂಡ ಮೊಲಗಳಿವೆ.

ಅದಕ್ಕೇ ನಂಗೆ ಆ ರೀಲ್ಸ್ ನೋಡಿದ್ರೆ ಉರಿಯುತ್ತೆ. ಮೊಲಾನ ಮಗು ಥರ ಅಂಗಾತ ಮಲಗಿಸ್ಕೊಂಡು ಹೊಟ್ಟೆ ಬಾಚ್ತಾರೆ, ಅದು ಅಲ್ಲಾಡದೆ ಬಿದ್ದಿರುತ್ತೆ, ಕೆಳಗೆ ಎಲ್ರೂ ಹಾರ್ಟ್ ಹಾಕ್ತಾರೆ. ಅದು ನಿದ್ದೆ ಅಲ್ಲ, ಹಿಪ್ನಾಟಿಸಂ ಅಲ್ಲ, ಬೇಟೆಗಾರನ ಬಾಯಿಗೆ ಸಿಕ್ಕಿದಾಗ ಸತ್ತ ಹಾಗೆ ಬಿದ್ಕೊಳ್ಳೋದು. ಇನ್ನು ಕೂದಲು ಜಾಸ್ತಿ ಅಂತ ಸ್ನಾನ ಮಾಡಿಸೋರು ಬೇರೆ. ದಯವಿಟ್ಟು ಬೇಡ, ಆ ದಟ್ಟ ತುಪ್ಪಳ ಒದ್ದೆ ಆದ್ರೆ ಬೇಗ ಒಣಗಲ್ಲ, ಮೈ ತಣ್ಣಗಾಗುತ್ತೆ, ಹೆದರಿಕೆಗೇ ಜೀವ ಹೋಗೋದೂ ಉಂಟು.

ಹಾಗಾದ್ರೆ ಬಾಚೋದು ಹೆಂಗೆ? ನಾನು ಹೇಳೋದು ಇಷ್ಟೇ, ಬಾಚಿ, ಆದ್ರೆ ಹಿಡೀಬೇಡಿ. ನೀವು ನೆಲದ ಮೇಲೆ ಕೂತ್ಕೊಳ್ಳಿ. ಟೈಲ್ಸ್ ಮೇಲಲ್ಲ, ಜಮಖಾನ ಹಾಸಿ, ಯಾಕಂದ್ರೆ ಮೊಲದ ಪಾದಕ್ಕೆ ಬೆಕ್ಕಿನ ಥರ ಮೆತ್ತೆ ಇಲ್ಲ, ಬರೀ ಕೂದಲು, ಟೈಲ್ಸ್ ಮೇಲೆ ಜಾರುತ್ತೆ, ಜಾರೋ ಜಾಗದಲ್ಲಿ ಅದು ಯಾವತ್ತೂ ನೆಮ್ಮದಿಯಾಗಿ ಕೂರಲ್ಲ. ಎರಡು ಕಡ್ಡಿ ಕೊತ್ತಂಬರಿ ಹಾಕಿ, ಮೊಬೈಲ್ ನೋಡ್ಕೊಂಡು ಕೂತ್ಕೊಳ್ಳಿ, ಅದೇ ಬರುತ್ತೆ. ಬಂದಾಗ ಮೂಗಿನ ಮುಂದೆ ಕೈ ಚಾಚ್ಬೇಡಿ, ಸುತ್ತಲೂ ಕಾಣೋ ಪ್ರಾಣಿಗೆ ಮೂಗಿನ ಎದುರಿಗಿರೋದೇ ಕಾಣಲ್ಲ. ಪಕ್ಕದಿಂದ ಕೈ ತಂದು ಹಣೆ ಸವರಿ, ಮೊಲಗಳು ಒಂದಕ್ಕೊಂದು ನೆಕ್ಕೋದೂ ಅಲ್ಲೇ. ಹಲ್ಲು ಮೆಲ್ಲಗೆ ಕಟಕಟ ಅಂದ್ರೆ ಖುಷಿ ಅಂತ ಅರ್ಥ, ಆವಾಗ ಕೈಗೆ ಸ್ವಲ್ಪ ನೀರು ಸವರ್ಕೊಂಡು, ಒದ್ದೆ ಅಲ್ಲ ಪಸೆ ಅಷ್ಟೇ, ತಲೆಯಿಂದ ಬೆನ್ನಿಗೆ ಎಳೀರಿ. ಉದುರೋ ಕೂದಲು ಅಂಗೈಗೇ ಅಂಟುತ್ತೆ. ಹತ್ತು ಸೆಕೆಂಡು, ಹೋಗ್ತೀನಿ ಅಂದ್ರೆ ಹೋಗ್ಲಿ ಬಿಡಿ, ಇನ್ನೊಂದು ಗಂಟೆಗೆ ಮತ್ತೆ ಬರುತ್ತೆ. ನಾನು ದಿನಕ್ಕೆ ಏಳೆಂಟು ಸಲ ಹೀಗೆ ಮಾಡ್ತೀನಿ, ವರ್ಕ್ ಫ್ರಮ್ ಹೋಮ್ ಇರೋದ್ರಿಂದ ನಡೀತಿದೆ, ಇಲ್ದಿರೋರು ಬೆಳಿಗ್ಗೆ ಸಂಜೆ ಮಾಡಿದ್ರೂ ಆಯ್ತು. ಅಭ್ಯಾಸ ಆದ್ಮೇಲೆ ಮೆತ್ತನೆ ರಬ್ಬರ್ ಬ್ರಷ್ ತನ್ನಿ. ಗೊಂಚಲು ಬೆರಳಲ್ಲಿ ಎಳೆದಾಗ ಸಲೀಸಾಗಿ ಬಂದ್ರೆ ಸರಿ, ಚರ್ಮ ಜೊತೆಗೆ ಎದ್ದು ಬಂತೋ, ಬಿಟ್ಬಿಡಿ, ಮೊಲದ ಚರ್ಮ ಕಾಗದದ ಥರ, ಕತ್ತರಿಯಂತೂ ಹತ್ರ ತರ್ಲೇಬೇಡಿ.

ಆದ್ರೆ ಒಂದು ಮಾತು, ಬ್ರಷ್‌ಗಿಂತ ದೊಡ್ಡ ಕೆಲಸ ಮಾಡೋದು ಹುಲ್ಲು. ಹೊಟ್ಟೆ ನಡೀತಿದ್ರೆ ಕೂದಲು ತಾನಾಗೇ ಹೊರಗೆ ಹೋಗುತ್ತೆ, ಹಿಕ್ಕೆ ಕೂದಲಲ್ಲಿ ಪೋಣಿಸಿದ ಮಣಿಸರದ ಥರ ಬರುತ್ತೆ, ನೋಡಿ ಹೆದರ್ಬೇಡಿ, ಹುಲ್ಲು ಜಾಸ್ತಿ ಮಾಡಿ. ತಿನ್ನೋದ್ರಲ್ಲಿ 80% ಆದ್ರೂ ಹುಲ್ಲೇ ಇರ್ಬೇಕು. ಟಿಮೋತಿ ಹುಲ್ಲು ಹೊರದೇಶದಿಂದ ಬರೋದು, ಬೆಲೆ ಕೇಳಿದ್ರೆ ನಾವೇ ಉಪವಾಸ, ನಾನು ಅದರ ಜೊತೆ ಗರಿಕೆ ಸೇರಿಸ್ತೀನಿ, ಗಣಪತಿಗೆ ಏರಿಸ್ತೀವಲ್ಲ ಅದೇ, ಚೆನ್ನಾಗಿ ತೊಳೆದು. ನಮ್ಮ ಹೂವಿನ ಅಂಗಡಿ ಆಂಟಿ "ಏನ್ ಭಕ್ತಿ ನಿಂಗೆ" ಅಂತ ಮೆಚ್ಕೊಂಡಿದ್ದಾರೆ, ನಾನಿನ್ನೂ ನಿಜ ಹೇಳಿಲ್ಲ. ನೀರು ಬಾಟಲಿಗಿಂತ ಬಟ್ಟಲಲ್ಲಿ ಇಟ್ರೆ ಜಾಸ್ತಿ ಕುಡಿಯುತ್ತೆ. ಕ್ಯಾರೆಟ್ ಮಿಠಾಯಿ ಲೆಕ್ಕ, ಒಂದು ಚೂರು ಸಾಕು.

ಊಟ ಬಿಟ್ಟು, ಹಿಕ್ಕೆ ನಿಂತು 12 ಗಂಟೆ ಆದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ, ಮೊಲ ನೋಡಿ ಅಭ್ಯಾಸ ಇರೋ ಡಾಕ್ಟರ್ ಹತ್ರ ಓಡಿ, ಅಂಥೋರು ಯಾರು ಅಂತ ಈಗ್ಲೇ ವಿಚಾರಿಸಿ ನಂಬರ್ ಇಟ್ಕೊಳ್ಳಿ. ಮೈಮೇಲೆ ಬಿಳಿ ಹೊಟ್ಟು ಕಂಡ್ರೂ ಅಷ್ಟೇ, ನಾಯಿಗೆ ಹಾಕೋ ಉಣ್ಣಿ ಔಷಧಿ ತಂದು ಹಾಕ್ಬೇಡಿ, ಅದ್ರಲ್ಲಿ ಫಿಪ್ರೋನಿಲ್ ಅನ್ನೋ ಕೀಟನಾಶಕ ಇದ್ರೆ ಮೊಲಕ್ಕೆ ವಿಷ.

ಉಗುರು ಹೆಂಗೆ ಕತ್ತರಿಸ್ತೀರ ಅಂತ ಕೇಳ್ತೀರ, ಗೊತ್ತು. ಅದಕ್ಕೆ ನಾನಿನ್ನೂ ಡಾಕ್ಟರ್ ಹತ್ರಾನೇ ಹೋಗೋದು. ಹಿಡ್ಕೊಳ್ಳೋದು ಅವ್ರು, ಕತ್ತರಿಸೋದು ಅವ್ರು, ಮನೆಗೆ ಬಂದ್ಮೇಲೆ ಎರಡು ದಿನ ನನ್ನ ಕಡೆ ಬೆನ್ನು ಹಾಕ್ಕೊಂಡು ಕೂರೋದು ಮಾತ್ರ ಗುಂಡ.