ಪೋಪ್ ಕೇಳಿದರು, ದಂಪತಿಗಳು ಉತ್ತರ ಬರೆದರು, ಆಮೇಲೆ?

ನಮಸ್ಕಾರ. ಹೊಸ ಪೋಪ್ ಆಯ್ಕೆಯ ವಿಡಿಯೋ ಬಂದ ಮೇಲೆ ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ದೀರಿ. ಗರ್ಭನಿರೋಧಕ ಬೇಡ, ಡೈವೋರ್ಸ್ ಆಗಿ ಇನ್ನೊಂದು ಮದುವೆ ಬೇಡ, ಐವಿಎಫ್ (ದೇಹದ ಹೊರಗೆ ಅಂಡವನ್ನು ಫಲಿಸಿ ಮಗು ಪಡೆಯುವ ಚಿಕಿತ್ಸೆ) ಬೇಡ ಅಂತ ಚರ್ಚು ಹೇಳುತ್ತದೆ. ಕ್ಯಾಥೊಲಿಕರಲ್ಲೇ ಬಹಳ ಜನ ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಟ್ಟು ಹೋಗಬೇಕಲ್ಲ? ಹೋಗುವುದಿಲ್ಲ. ಹಾಗಂತ ಪೂರ್ತಿ ಒಳಗೂ ಇರುವುದಿಲ್ಲ. ಭಾನುವಾರ ಪೂಜೆಗೆ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಕೆಲವು ವಿಷಯ ಬಂದಾಗ ಮೊಬೈಲ್ ನೋಡುತ್ತಾರೆ. ಏನಿದು?

ನಾನು ಇದರ ಹಿಂದೆ ಬಿದ್ದೆ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು. 1968, ಜುಲೈ ತಿಂಗಳು, ರೋಮ್.

[ಸ್ಕ್ರೀನ್ ಮೇಲೆ: 1930 – 1951 – 1958 – 1968]

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. 1930ರಲ್ಲಿ ಆಂಗ್ಲಿಕನ್ ಬಿಷಪ್‌ಗಳು, ಅಂದರೆ ಇಂಗ್ಲೆಂಡಿನ ಪ್ರೊಟೆಸ್ಟಂಟ್ ಚರ್ಚಿನ ಕಡೆಯವರು, ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸಭೆ ಸೇರಿ, ಕೆಲವು ಸಂದರ್ಭದಲ್ಲಿ ಗರ್ಭನಿರೋಧಕ ಪರವಾಗಿಲ್ಲ ಅಂದರು. ಅದೇ ವರ್ಷದ ಕೊನೆಗೆ ಪೋಪ್ 11ನೇ ಪಯಸ್ ಪತ್ರ ಬರೆದು ಖಡಾಖಂಡಿತವಾಗಿ ಇಲ್ಲ ಅಂದರು. 1951ರಲ್ಲಿ 12ನೇ ಪಯಸ್ ಇಟಲಿಯ ಸೂಲಗಿತ್ತಿಯರ ಮುಂದೆ ಮಾತಾಡುತ್ತಾ, ಗಂಭೀರ ಕಾರಣ ಇದ್ದರೆ ತಿಂಗಳಲ್ಲಿ ಗರ್ಭ ನಿಲ್ಲದ ದಿನಗಳನ್ನು ಲೆಕ್ಕ ಹಾಕಿ ಕೂಡಬಹುದು ಅಂದರು. ಕ್ಯಾಲೆಂಡರ್‌ಗೆ ಅಡ್ಡಿ ಇಲ್ಲ, ಕಾಂಡೋಮ್‌ಗೆ ಅಡ್ಡಿ. ಇಷ್ಟು ನೆನಪಿರಲಿ.

ಈಗ ನನ್ನ ಮೆಚ್ಚಿನ ಮನುಷ್ಯ ಬರುತ್ತಾರೆ. ಇವರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳುತ್ತೇನೆ, ಬೈಕೋಬೇಡಿ.

ಹೆಸರು ಜಾನ್ ರಾಕ್. 1890ರಲ್ಲಿ ಹುಟ್ಟಿದ ಬಾಸ್ಟನ್ ಕಡೆಯ ಸ್ತ್ರೀರೋಗ ತಜ್ಞರು. ದಿನಾ ಬೆಳಿಗ್ಗೆ ಪೂಜೆಗೆ ಹೋಗುವ ಕ್ಯಾಥೊಲಿಕ್, ಐದು ಮಕ್ಕಳ ತಂದೆ. ಮಕ್ಕಳಾಗದ ಹೆಂಗಸರಿಗೆ ಮಕ್ಕಳಾಗುವ ಹಾಗೆ ಚಿಕಿತ್ಸೆ ಕೊಡುವುದೇ ಇವರ ಕೆಲಸ. ಅಂಡಾಶಯಕ್ಕೆ ಹಾರ್ಮೋನ್ ಕೊಟ್ಟು ಸ್ವಲ್ಪ ದಿನ ವಿಶ್ರಾಂತಿ ಕೊಡಿಸಿದರೆ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಬಹುದು ಅಂತ ಪ್ರಯೋಗ ಮಾಡುತ್ತಿದ್ದರು. ಗ್ರೆಗರಿ ಪಿಂಕಸ್ ಅನ್ನುವ ವಿಜ್ಞಾನಿಗೆ ಬೇಕಾಗಿದ್ದೂ ಅದೇ, ಆದರೆ ಉಲ್ಟಾ ಕಾರಣಕ್ಕೆ! ಇಬ್ಬರೂ ಸೇರಿದರು. ಗರ್ಭನಿರೋಧಕ ಮಾತ್ರೆ ಹುಟ್ಟಿದ್ದು ಹೀಗೆ. (1956ರಲ್ಲಿ ಪೋರ್ಟೊ ರಿಕೊದ ಬಡ ಹೆಂಗಸರ ಮೇಲೆ, ಇದು ಪ್ರಯೋಗ ಅಂತ ಸರಿಯಾಗಿ ಹೇಳದೆ, ಇದನ್ನು ಪರೀಕ್ಷಿಸಿದರು. ಅದು ಬೇರೆಯೇ ಕಥೆ, ಒಳ್ಳೆಯ ಕಥೆ ಅಲ್ಲ.)

1957ರಲ್ಲಿ ಅಮೆರಿಕ ಸರ್ಕಾರ ಈ ಮಾತ್ರೆಗೆ ಮೊದಲು ಒಪ್ಪಿಗೆ ಕೊಟ್ಟಿದ್ದು ಮುಟ್ಟಿನ ತೊಂದರೆಗೆ ಔಷಧಿ ಅಂತ. ಮರುವರ್ಷ 12ನೇ ಪಯಸ್ ಕೂಡ ಕಾಯಿಲೆಗೆ ಚಿಕಿತ್ಸೆಯಾಗಿ ತೆಗೆದುಕೊಂಡರೆ ತಪ್ಪಿಲ್ಲ ಅಂದರು. ಅಷ್ಟೇ ಸಾಕಾಯಿತು. ಇದ್ದಕ್ಕಿದ್ದ ಹಾಗೆ ಅಮೆರಿಕದಲ್ಲಿ ಮುಟ್ಟಿನ ತೊಂದರೆ ಇರುವ ಹೆಂಗಸರ ಸಂಖ್ಯೆ ಜೋರಾಗಿ ಏರಿತು. ದೇವರ ಲೀಲೆ.

ಗರ್ಭನಿರೋಧಕ ಅಂತಲೇ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ರಾಕ್‌ಗೆ ಆಗ 70 ವರ್ಷ. ಇದು ಪಾಪ ಅಲ್ಲ ಅಂತ ಚರ್ಚನ್ನು ಒಪ್ಪಿಸುತ್ತೇನೆ ಅಂತ ಹೊರಟರು. ಅವರ ವಾದ ಕೇಳಿ. ಗರ್ಭಿಣಿಯಾದಾಗ ದೇಹವೇ ಪ್ರೊಜೆಸ್ಟರಾನ್ ಮಾಡಿಕೊಂಡು ಅಂಡ ಬಿಡುಗಡೆ ಆಗುವುದನ್ನು ನಿಲ್ಲಿಸುತ್ತದೆ. ಮಾತ್ರೆ ಮಾಡುವುದೂ ಅದನ್ನೇ. ರಬ್ಬರ್ ಇಲ್ಲ, ಅಡ್ಡಗೋಡೆ ಇಲ್ಲ. ಪೋಪ್ ಒಪ್ಪಿದ 'ಸುರಕ್ಷಿತ ದಿನ'ಗಳನ್ನೇ ಇದು ಉದ್ದ ಮಾಡುತ್ತದೆ, ಅಷ್ಟೇ.

ನಮ್ಮ ಏಕಾದಶಿ ಉಪವಾಸ ಗೊತ್ತಲ್ಲ? ಅನ್ನ ತಿನ್ನುವಂತಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅವಲಕ್ಕಿ ನಡೆಯುತ್ತದೆ. ಅವಲಕ್ಕಿಗೆ ಒಗ್ಗರಣೆ, ಕಾಯಿತುರಿ, ಮೊಸರು ಎಲ್ಲ ಬೀಳುತ್ತದೆ, ದಿನಾ ಉಣ್ಣುವುದಕ್ಕಿಂತ ಎರಡು ಮುಷ್ಟಿ ಜಾಸ್ತಿನೇ ಹೊಟ್ಟೆಗೆ ಹೋಗುತ್ತದೆ. ಆದರೂ ಉಪವಾಸ! 'ಅದೂ ಅಕ್ಕಿನೇ ಅಲ್ವಾ ಅಜ್ಜಿ' ಅಂತ ಮೊಮ್ಮಗ ಕೇಳಿದರೆ 'ಸುಮ್ನೆ ತಿನ್ನೋ' ಅಂತ ಬೈಗುಳ. ರಾಕ್ ಡಾಕ್ಟ್ರು ಚರ್ಚಿಗೆ ಹೇಳಿದ್ದು ಇದೇ. ಕ್ಯಾಲೆಂಡರ್ ಲೆಕ್ಕಕ್ಕೆ ಅವಲಕ್ಕಿ ಅಂತ ಒಪ್ಪಿಗೆ ಕೊಟ್ಟಿದ್ದೀರಿ, ನನ್ನ ಮಾತ್ರೆಯೂ ಅವಲಕ್ಕಿನೇ. ಮುಂದೆ ಚರ್ಚು ಕೊಟ್ಟ ಉತ್ತರ: ಇಲ್ಲಪ್ಪ, ಇದು ಅನ್ನ.

ಮಾತ್ರೆಯ ಪಟ್ಟಿ ನೋಡಿದ್ದೀರಾ? ಮೂರು ವಾರ ಮಾತ್ರೆ, ಆಮೇಲೆ ಬಿಡುವು, ಆ ಬಿಡುವಿನಲ್ಲಿ ರಕ್ತಸ್ರಾವ. ಅದು ನಿಜವಾದ ಮುಟ್ಟಲ್ಲ. ಅಂಡ ಬಿಡುಗಡೆಯೇ ಆಗಿರುವುದಿಲ್ಲ, ಹಾರ್ಮೋನ್ ನಿಲ್ಲಿಸಿದ್ದಕ್ಕೆ ಬರುವ ಸ್ರಾವ. ಮತ್ತೆ ಆ ಬಿಡುವು ಯಾಕೆ ಇಟ್ಟರು? ತಿಂಗಳು ತಿಂಗಳು ಮುಟ್ಟಾದರೆ ಹೆಂಗಸರಿಗೆ ಗರ್ಭ ನಿಂತಿಲ್ಲ ಅಂತ ಧೈರ್ಯ, ಜೊತೆಗೆ ಇದು ಪ್ರಕೃತಿಗೆ ಹತ್ತಿರ ಅನ್ನಿಸುತ್ತದೆ. ಪೋಪ್‌ಗೋಸ್ಕರ ಮಾತ್ರ ಹೀಗೆ ಮಾಡಿದರು ಅನ್ನುವುದು ಅತಿಯಾಯಿತು. ಆದರೆ ಸಹಜವಾಗಿ ಕಾಣಬೇಕು ಅನ್ನುವ ಆಸೆ ಆ ಪಟ್ಟಿಯಲ್ಲಿ ಇನ್ನೂ ಕೂತಿದೆ. 2019ರಲ್ಲಿ ಬ್ರಿಟನ್ನಿನ ತಜ್ಞರ ಸಂಸ್ಥೆ, ಆ ಏಳು ದಿನದ ಬಿಡುವಿನಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಅಂತ ಮಾರ್ಗಸೂಚಿಯಲ್ಲೇ ಬರೆಯಿತು.

ಒಬ್ಬ ಹೆಂಗಸು ರಾಕ್‌ಗೆ ಪತ್ರ ಬರೆದು, ನಿಮ್ಮನ್ನು ಸೃಷ್ಟಿಸಿದವನ ಎದುರು ಹೋಗಿ ನಿಲ್ಲಲು ನಿಮಗೆ ಭಯ ಆಗಬೇಕು ಅಂದಳಂತೆ. ದೇವರು ಯಾವಾಗಲೂ ಜೊತೆಗೇ ಇರುತ್ತಾನೆ ಅಂತ ನಮ್ಮ ಧರ್ಮ ಕಲಿಸಿದೆ, ನನ್ನ ಸಮಯ ಬಂದಾಗ ಪರಿಚಯ ಮಾಡಿಕೊಡುವ ಅಗತ್ಯ ಬೀಳುವುದಿಲ್ಲ ಅಂತ ಇವರ ಉತ್ತರ. ಎಂಥಾ ಮನುಷ್ಯ!

[ಹಿನ್ನೆಲೆ: ರೋಮ್, ಹಳೆಯ ಫೋಟೋಗಳು]

ಸರಿ, ರೋಮ್‌ಗೆ ಬನ್ನಿ. 1963ರಲ್ಲಿ ಪೋಪ್ 23ನೇ ಜಾನ್ ಈ ವಿಷಯಕ್ಕೆ ಆರು ಜನರ ಸಮಿತಿ ಮಾಡಿದರು. ಅವರು ತೀರಿಹೋದ ಮೇಲೆ ಬಂದ 6ನೇ ಪಾಲ್ ಅದನ್ನು ಬೆಳೆಸುತ್ತಾ ಹೋಗಿ 72 ಜನರಾದರು. ವಿಶೇಷ ಏನಂದರೆ ಅದರಲ್ಲಿ ಗೃಹಸ್ಥರೂ ಇದ್ದರು. ಶಿಕಾಗೋದ ಪ್ಯಾಟ್ ಮತ್ತು ಪ್ಯಾಟಿ ಕ್ರೌಲಿ ದಂಪತಿ ಅವರಲ್ಲಿ ಒಬ್ಬರು. 1965ರಲ್ಲಿ ಇವರು ರೋಮ್‌ಗೆ ಬಂದಾಗ ಗಂಡನಿಗೆ ಉಳಿಯಲು ಸ್ಪ್ಯಾನಿಷ್ ಕಾಲೇಜು, ಹೆಂಡತಿಗೆ ದೂರದ ಕಾನ್ವೆಂಟು. ಚರ್ಚೆಯ ವಿಷಯ ದಾಂಪತ್ಯ, ದಂಪತಿಗೆ ಬೇರೆ ಬೇರೆ ಕಟ್ಟಡ. ಇದಕ್ಕಿಂತ ಗ್ಯಾರಂಟಿ ಗರ್ಭನಿರೋಧಕ ಇನ್ನೊಂದಿಲ್ಲ, ಅಲ್ವಾ?

ಆದರೆ ಈ ಕ್ರೌಲಿಗಳು ಸುಮ್ನೆ ಬಂದವರಲ್ಲ. ಸುಮಾರು 3,000 ಕ್ಯಾಥೊಲಿಕ್ ದಂಪತಿಗಳನ್ನು ಕೇಳಿ ಉತ್ತರ ತಂದಿದ್ದರು. ಚರ್ಚನ್ನು ದ್ವೇಷಿಸುವವರ ಉತ್ತರ ಅಲ್ಲ. ಪೂಜೆ ತಪ್ಪಿಸದ, ಧರ್ಮಸಭೆಯ ಕೆಲಸಕ್ಕೆ ಮೊದಲು ಕೈ ಎತ್ತುವ ಜನ. ದಿನಾ ಥರ್ಮಾಮೀಟರ್ ಇಟ್ಟು ನೋಡಿದ್ದು, ಚಾರ್ಟು ಬರೆದಿದ್ದು, ಲೆಕ್ಕ ತಪ್ಪಿದ್ದು, ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟಲು ಹೆದರಿದ್ದು, ಎಲ್ಲ ಬಿಚ್ಚಿ ಬರೆದಿದ್ದರು. ಮದುವೆಯನ್ನೇ ಮಾಡಿಕೊಳ್ಳದ ಪಾದ್ರಿಗಳು ಇದನ್ನು ಕೂತು ಕೇಳಿದರು, ಹಲವರ ಮನಸ್ಸು ಬದಲಾಯಿತು. 1966ರಲ್ಲಿ ಸಮಿತಿಯ ಬಹುಮತ, ಬೋಧನೆ ಬದಲಿಸಬಹುದು ಅಂತ ಬಂತು.

ಒಪ್ಪದವರ ವಾದವೂ ಗಟ್ಟಿ ಇತ್ತು. ಈಗ ಬದಲಿಸಿದರೆ 1930ರಲ್ಲಿ ಪವಿತ್ರಾತ್ಮ ಪ್ರೊಟೆಸ್ಟಂಟರ ಕಡೆ ಇತ್ತು ಅಂತ ಒಪ್ಪಿದ ಹಾಗಾಗುತ್ತದೆ ಅಂದರು. ಮಾರ್ಸೆಲಿನೊ ಸಾಲ್ಬಾ ಅನ್ನುವ ಜೆಸ್ವಿಟ್ ಗುರುಗಳು, ಹಾಗಾದರೆ ಇಷ್ಟು ದಿನ ನಾವು ನರಕಕ್ಕೆ ಕಳಿಸಿದ ಲಕ್ಷಾಂತರ ಜನರ ಗತಿ ಏನು ಅಂತ ಕೇಳಿದರಂತೆ. ಪ್ಯಾಟಿ ಕ್ರೌಲಿ ತಿರುಗಿ, ಫಾದರ್, ನೀವು ಕೊಟ್ಟ ಆರ್ಡರನ್ನೆಲ್ಲ ದೇವರು ಪಾಲಿಸಿದ್ದಾನೆ ಅಂತ ನಿಜವಾಗಿ ನಂಬಿದ್ದೀರಾ ಅಂದರಂತೆ.

1967ರಲ್ಲಿ ವರದಿ ಸೋರಿಕೆ ಆಗಿ ಪತ್ರಿಕೆಗಳಲ್ಲಿ ಬಂತು. ಇನ್ನೇನು ಬದಲಾಗುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಆಗಲೇ ಮಾತ್ರೆ ಶುರುವಾಗಿತ್ತು. 1968 ಜುಲೈ 29ಕ್ಕೆ ಪೋಪ್ 6ನೇ ಪಾಲ್ ಅವರ 'ಹ್ಯುಮಾನೆ ವಿಟೆ' ಪತ್ರ ಬಿಡುಗಡೆ ಆಯಿತು. ಉತ್ತರ: ಇಲ್ಲ. ಪ್ರತಿಯೊಂದು ಮಿಲನವೂ ಹೊಸ ಜೀವಕ್ಕೆ ತೆರೆದಿರಬೇಕು.

ನನ್ನ ಅಭಿಪ್ರಾಯ ಇದು. ಬಿರುಕು ಬಿಟ್ಟಿದ್ದು ನಿಷೇಧದಿಂದ ಅಲ್ಲ, ನಿಷೇಧ ಮೊದಲೇ ಇತ್ತಲ್ಲ. ಕೇಳಿದ್ದರಿಂದ. ನಿಮ್ಮ ಮಲಗುವ ಕೋಣೆಯ ಕಷ್ಟ ಹೇಳಿ ಅಂತ ಕೇಳಿ, ಅವರು ಮಾನ ಬಿಟ್ಟು ಹೇಳಿ, ಆಮೇಲೆ ಆ ಕಾಗದಗಳು ಕಪಾಟಿಗೆ ಸೇರಿದವು. ಅಮೆರಿಕದ ದೇವಶಾಸ್ತ್ರಜ್ಞ ಚಾರ್ಲ್ಸ್ ಕರನ್ ಮತ್ತು ಜೊತೆಗಾರರು ಮರುದಿನವೇ ಭಿನ್ನಮತದ ಹೇಳಿಕೆ ಕೊಟ್ಟರು. 1986ರಲ್ಲಿ ವ್ಯಾಟಿಕನ್ ಕರನ್ ಅವರಿಗೆ ಕ್ಯಾಥೊಲಿಕ್ ದೇವಶಾಸ್ತ್ರ ಕಲಿಸುವ ಅರ್ಹತೆ ಇಲ್ಲ ಅಂದಿತು. ಕೆನಡಾದ ಬಿಷಪ್‌ಗಳು ಆ ಸೆಪ್ಟೆಂಬರ್‌ನಲ್ಲಿ ವಿನಿಪೆಗ್‌ನಲ್ಲಿ ಸೇರಿ, ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಪಾಲಿಸಲಾಗದವರು ಆತ್ಮಸಾಕ್ಷಿಯಂತೆ ನಡೆಯಬಹುದು ಅನ್ನುವ ಅರ್ಥದಲ್ಲಿ ಮೆತ್ತಗೆ ಹೇಳಿದರು. ಆದರೆ ಹೆಚ್ಚಿನ ಜನ ಯಾವ ಹೇಳಿಕೆಯನ್ನೂ ಕೊಡಲಿಲ್ಲ. ಪಾಪನಿವೇದನೆಯಲ್ಲಿ, ಅಂದರೆ ಪಾದ್ರಿಯ ಹತ್ತಿರ ಪಾಪ ಒಪ್ಪಿಕೊಳ್ಳುವಾಗ, ಆ ಒಂದು ವಿಷಯ ಹೇಳುವುದನ್ನು ನಿಲ್ಲಿಸಿದರು. ಆಮೇಲೆ ಪಾಪನಿವೇದನೆಗೆ ಹೋಗುವುದನ್ನೇ ಕಡಿಮೆ ಮಾಡಿದರು. ಜಾನ್ ರಾಕ್ ಕೊನೆಗಾಲದಲ್ಲಿ ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಪೋಪ್ ಪಾಲ್ ಆಮೇಲೆ ಹತ್ತು ವರ್ಷ ಬದುಕಿದ್ದರೂ ಆ ದರ್ಜೆಯ ಇನ್ನೊಂದು ಪತ್ರ ಬರೆಯಲಿಲ್ಲ.

ಆ ಪತ್ರದಲ್ಲಿ ಒಂದು ಮಾತು ನಮಗೆ ತಟ್ಟಬೇಕು. ಇಂಥ ಸಾಧನ ಸರ್ಕಾರಗಳ ಕೈಗೆ ಸಿಕ್ಕರೆ ಜನರ ಮೇಲೆ ಬಲವಂತ ಮಾಡಬಹುದು ಅಂತ ಎಚ್ಚರಿಸಿದ್ದರು. ಎಂಟು ವರ್ಷಕ್ಕೆ ನಮ್ಮ ತುರ್ತು ಪರಿಸ್ಥಿತಿಯಲ್ಲಿ ಒಂದೇ ವರ್ಷ 60 ಲಕ್ಷಕ್ಕೂ ಜಾಸ್ತಿ ಸಂತಾನಹರಣ ಆಪರೇಷನ್ ಆಯಿತು. ಅದರಲ್ಲಿ ಎಷ್ಟು ಜನ ಮನಸಾರೆ ಒಪ್ಪಿದ್ದರು ಅಂತ ನಿಮಗೇ ಗೊತ್ತು. ಹಾಗಾಗಿ ಆ ಪತ್ರವನ್ನು ಪೂರ್ತಿ ಕಸದ ಬುಟ್ಟಿಗೆ ಹಾಕುವವರ ಗುಂಪಿನಲ್ಲಿ ನಾನಿಲ್ಲ.

ಇವತ್ತಿನ ಲೆಕ್ಕ ಬೇಕಾ? ಪ್ಯೂ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಅಮೆರಿಕದ ಕ್ಯಾಥೊಲಿಕರಲ್ಲಿ 83% ಜನ ಚರ್ಚು ಗರ್ಭನಿರೋಧಕಕ್ಕೆ ಒಪ್ಪಿಗೆ ಕೊಡಬೇಕು ಅಂದರು. ನಮ್ಮಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕ್ರೈಸ್ತ ಮಹಿಳೆಗೆ ಸರಾಸರಿ 1.88 ಮಕ್ಕಳು. ಮಂಗಳೂರು ಕಡೆಯ ಹಳೇ ಮನೆಗಳಲ್ಲಿ ಗೋಡೆ ಮೇಲಿನ ಫೋಟೋದಲ್ಲಿ ಎಂಟು, ಹತ್ತು ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಅದೇ ಮನೆಯಲ್ಲಿ ಈಗ ಒಂದೋ ಎರಡೋ. ಯಾರೂ ಜಗಳ ಆಡಲಿಲ್ಲ, ಭಿನ್ನಮತ ಸಾರಲಿಲ್ಲ. ಮದುವೆಗೆ ಮೊದಲಿನ ತರಬೇತಿಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ತಲೆ ಆಡಿಸಿ ಮನೆಗೆ ಬಂದರು. 2021ರಲ್ಲಿ ಕೇರಳದ ಪಾಲಾ ಧರ್ಮಪ್ರಾಂತ್ಯ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಕ್ಕೆ ತಿಂಗಳಿಗೆ 1,500 ರೂಪಾಯಿ ಸಹಾಯ ಘೋಷಿಸಿತು. ಐದು ಮಕ್ಕಳ ಸ್ಕೂಲ್ ವ್ಯಾನ್ ಫೀಸಿಗೂ ಸಾಲದು.

ಟೈಮ್ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಡೈವೋರ್ಸ್ ಆಗಿ ಮರುಮದುವೆ ಆದವರಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡಬಹುದಾ ಅನ್ನುವ ಪ್ರಶ್ನೆಗೆ 2016ರಲ್ಲಿ ಪೋಪ್ ಫ್ರಾನ್ಸಿಸ್ ಒಂದು ಅಡಿಟಿಪ್ಪಣಿಯಲ್ಲಿ ಸಣ್ಣ ಬಾಗಿಲು ತೆರೆದರು. ಅಡಿಟಿಪ್ಪಣಿಯಲ್ಲಿ! ನಾಲ್ವರು ಕಾರ್ಡಿನಲ್‌ಗಳು ಸ್ಪಷ್ಟನೆ ಕೇಳಿ ಪತ್ರ ಬರೆದರು. 2023ರ ಡಿಸೆಂಬರ್‌ನಲ್ಲಿ ಸಲಿಂಗಿ ಜೋಡಿಗಳಿಗೆ ಸರಳ ಆಶೀರ್ವಾದ ಕೊಡಬಹುದು ಅಂದಾಗ ಆಫ್ರಿಕಾದ ಬಿಷಪ್‌ಗಳು ನಮ್ಮಲ್ಲಿ ಆಗಲ್ಲ ಅಂದರು. ಅಂದರೆ ದೂರ ಆದ ಭಾವನೆ ಒಂದೇ ಕಡೆಯದಲ್ಲ, ಹಳೆಯ ಬೋಧನೆಯೇ ಸರಿ ಅನ್ನುವವರಿಗೂ ಇದು ನಮ್ಮ ಚರ್ಚೇನಾ ಅನ್ನಿಸಿದೆ. ಐವಿಎಫ್ ವಿಷಯಕ್ಕೆ ಬೇರೆ ವಿಡಿಯೋನೇ ಬೇಕು. 1944ರಲ್ಲಿ ದೇಹದ ಹೊರಗೆ ಮನುಷ್ಯರ ಅಂಡವನ್ನು ಫಲಿಸಿದ್ದನ್ನು ಮೊದಲು ವರದಿ ಮಾಡಿದವರು ಯಾರು ಗೊತ್ತಾ? ಮಿರಿಯಮ್ ಮೆಂಕಿನ್, ಮತ್ತು ಜೊತೆಗೆ ನಮ್ಮ ಅದೇ ರಾಕ್ ಡಾಕ್ಟ್ರು.

ಕೊನೆಯದು. 2021ರಿಂದ 2024ರವರೆಗೆ ಚರ್ಚು ಸಿನೋಡ್ (ಚರ್ಚಿನ ಸಮಾಲೋಚನಾ ಸಭೆ) ಹೆಸರಿನಲ್ಲಿ ಲೋಕದ ಕ್ಯಾಥೊಲಿಕರನ್ನೆಲ್ಲ ಮತ್ತೆ ಕೇಳಿತು, ನಿಮಗೆ ಏನನ್ನಿಸುತ್ತದೆ ಹೇಳಿ ಅಂತ. ಜನ ಮತ್ತೆ ಹೇಳಿದರು. ಬಿಸಿ ಬಿಸಿ ವಿಷಯಗಳನ್ನು 2024ರಲ್ಲಿ 10 ಅಧ್ಯಯನ ಗುಂಪುಗಳಿಗೆ ಹಂಚಿದರು, ನೈತಿಕ ವಿವಾದಗಳು 9ನೇ ಗುಂಪಿಗೆ ಹೋದವು. ಪ್ಯಾಟಿ ಕ್ರೌಲಿ ಇದ್ದಿದ್ದರೆ ಏನನ್ನುತ್ತಿದ್ದರೋ. ನೀವು ಕ್ಯಾಥೊಲಿಕ್ ಆಗಿದ್ದರೆ, ನಿಮ್ಮ ಊರಿನ ಚರ್ಚಿನಲ್ಲಿ ಈ ಸಿನೋಡಿಗೆ ನಿಮ್ಮನ್ನು ಯಾರಾದರೂ ಕೇಳಿದರಾ, ಕೇಳಿದ್ದರೆ ಏನು ಹೇಳಿದಿರಿ, ಬರೆದು ತಿಳಿಸಿ. ಐವಿಎಫ್ ವಿಡಿಯೋದಲ್ಲಿ ಸಿಗೋಣ.