ಕಂಬ ಹತ್ತುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ. ಊರಿನವರೇ ಕಟ್ಟಿ ಊರಿನವರೇ ನಡೆಸುವ ಇಂಟರ್‌ನೆಟ್ ಜಾಲದ ಬಗ್ಗೆ ಮಾತನಾಡಬೇಕೆಂದು ನಿಲಯದವರು ಕರೆದಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಕಂಪನಿಯ ರೌಟರ್ ಕೊಳ್ಳಬೇಕು, ವೇಗ ಎಷ್ಟು ಸಿಗುತ್ತದೆ? ಅದನ್ನು ಕಟ್ಟಕಡೆಗೆ ಕೇಳಿದರೂ ನಡೆಯುತ್ತದೆ. ಮೊದಲು ತೀರ್ಮಾನವಾಗಬೇಕಾದದ್ದು ಬೇರೆ. ಜಡಿಮಳೆಯಲ್ಲಿ ಸಂಪರ್ಕ ಕಡಿದು ಎರಡು ದಿನವಾಗಿದೆ ಎಂದಿಟ್ಟುಕೊಳ್ಳಿ. ಕಂಬ ಹತ್ತುವವರು ಯಾರು? ಊರಿನವರೇ ಹತ್ತುತ್ತಾರೆ ಎಂದಾದರೆ ಮುಂದಿನ ಮಾತು ಆಡೋಣ. ಪಟ್ಟಣದಿಂದ ಯಾರೋ ಬರಬೇಕು ಎಂದಾದರೆ ಉದ್ಘಾಟನೆಯ ರಿಬ್ಬನ್ನಿಗೂ ದುಡ್ಡು ಹಾಕಬೇಡಿ.

ದೊಡ್ಡ ಕಂಪನಿಗಳು ಇಂಥ ಊರುಗಳಿಗೆ ಏಕೆ ಬರುವುದಿಲ್ಲ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಮನೆಗಳು ಕಡಿಮೆ, ದೂರ ಹೆಚ್ಚು, ಹಾಕಿದ ಬಂಡವಾಳ ಹುಟ್ಟುವುದಿಲ್ಲ. ಲಾಭ ಬೇಕಾಗಿಲ್ಲದವರಿಗೆ ಅದೇ ಲೆಕ್ಕ ಬೇರೆಯಾಗಿ ಕಾಣುತ್ತದೆ.

ನನಗೆ ಬಲು ಇಷ್ಟವಾದ ಕಥೆಯೊಂದಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನೇಪಾಳದ ಮ್ಯಾಗ್ದಿ ಜಿಲ್ಲೆಯ ಬೆಟ್ಟದ ಮೇಲೆ ನಾಂಗಿ ಎಂಬ ಹಳ್ಳಿ. ಅಲ್ಲಿನ ಮಹಾಬೀರ್ ಪುನ್ ಅಮೆರಿಕದಲ್ಲಿ ಓದಿ, ಊರಿಗೆ ಮರಳಿ, ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹಳೆಯ ಕಂಪ್ಯೂಟರುಗಳ ಬಿಡಿಭಾಗಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಮಕ್ಕಳಿಗೆ ಕಲಿಸಿದರು. ವಿದ್ಯುತ್ತಿಗೆ ತೊರೆಯ ನೀರಿನಲ್ಲಿ ತಿರುಗುವ ಪುಟ್ಟ ಜನರೇಟರ್. ಕಂಪ್ಯೂಟರೇನೋ ಆಯಿತು, ಆದರೆ ಊರಿಗೆ ಫೋನಿನ ತಂತಿಯೇ ಇಲ್ಲ. ಒಂದು ಇಮೇಲ್ ನೋಡಬೇಕಾದರೂ ಮೇಷ್ಟ್ರು ಬೆಟ್ಟ ಇಳಿದು ಪೋಖರಾ ನಗರಕ್ಕೆ ಹೋಗಬೇಕು! 2001ರಲ್ಲಿ ಅವರು ಬಿಬಿಸಿಗೆ ಪತ್ರ ಬರೆದು, ಇದಕ್ಕೇನಾದರೂ ದಾರಿ ಇದೆಯೇ ಎಂದು ಕೇಳಿದರು. ಸುದ್ದಿ ಹರಡಿ, ಹೊರದೇಶಗಳಿಂದ ಸ್ವಯಂಸೇವಕರು ಬಂದರು.

ಅವರು ತಂದ ಉಪಾಯ ಸರಳವಾದದ್ದು. ಮನೆಯೊಳಗೆ ಎಲ್ಲ ದಿಕ್ಕಿಗೂ ಚೆಲ್ಲಿಹೋಗುವ ವೈಫೈ ಸಂಕೇತವನ್ನು ಡಿಶ್ ಆಂಟೆನಾದಿಂದ ಒಂದೇ ದಿಕ್ಕಿಗೆ ಹಾಯಿಸಿದರೆ ಅದು ಹತ್ತಾರು ಕಿಲೋಮೀಟರ್ ಹೋಗುತ್ತದೆ. ನಡುವೆ ಗುಡ್ಡವಾಗಲಿ ಮರಗಳಾಗಲಿ ಅಡ್ಡ ಬರಬಾರದು, ಅಷ್ಟೇ. ಟವರ್ ನಿಲ್ಲಿಸಲು ಹಣವಿಲ್ಲ. ಎತ್ತರದ ಮರಗಳನ್ನು ಹುಡುಕಿ, ಟಿವಿ ಡಿಶ್‌ಗಳನ್ನು ಅವುಗಳಿಗೆ ಬಿಗಿದರು. ಅದು ಮಾವೋವಾದಿ ಸಂಘರ್ಷದ ಕಾಲ. ನಿಸ್ತಂತು ಸಲಕರಣೆಗಳನ್ನು ಬಹಿರಂಗವಾಗಿ ತರುವಂತಿರಲಿಲ್ಲ, ಕದ್ದುಮುಚ್ಚಿ ತಂದರು. ಕೊನೆಗೂ ಬೆಟ್ಟದ ಹಳ್ಳಿ ಪೋಖರಾದೊಂದಿಗೆ ಮಾತನಾಡಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಕುಳಿತಲ್ಲಿಂದಲೇ ನಗರದ ವೈದ್ಯರನ್ನು ಕೇಳುವಂತಾಯಿತು. 2007ರಲ್ಲಿ ಪುನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು, ದುರಸ್ತಿಯ ಕೆಲಸವನ್ನು ಅವರು ಅಲ್ಲಿಯವರಿಗೇ ಕಲಿಸಿದರು ಎಂಬುದು. ಮರ ಹತ್ತುವವರು ಊರಿನವರೇ ಆದರು.

ಈ ಕಲಿಕೆ ಕಷ್ಟದ್ದೆಂದು ದಯವಿಟ್ಟು ಹೇಳಬೇಡಿ. ಒಂದು ಉದಾಹರಣೆ ಕೊಡುತ್ತೇನೆ. ಕಂಬದ ಮೇಲಿನ ಪೆಟ್ಟಿಗೆಗೆ ಕೇಬಲ್ಲನ್ನು ಮೇಲಿನಿಂದ ನೇರವಾಗಿ ಇಳಿಸಿದರೆ ಮಳೆನೀರು ಅದರ ಮೈಮೇಲೇ ಜಾರಿ ಒಳಗೆ ಸೇರುತ್ತದೆ. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಸಂಪರ್ಕ ಬಿಟ್ಟು ಬಿಟ್ಟು ಬರತೊಡಗುತ್ತದೆ. ಅದೇ ಕೇಬಲ್ಲನ್ನು ಪೆಟ್ಟಿಗೆಗಿಂತ ಒಂದು ಗೇಣು ಕೆಳಗೆ ಇಳಿಬಿಟ್ಟು, ಬಾಗಿಸಿ, ತಳದ ತೂತಿನಿಂದ ಒಳಗೆ ಸೇರಿಸಿ. ನೀರು ಬಾಗಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕೇ? ದಿಟ್ಟವಾಗಿ ಕಂಬ ಹತ್ತಿ, ನೋಡಿದ್ದನ್ನು ನೆನಪಿಟ್ಟುಕೊಳ್ಳುವವರು ಬೇಕು. ಅಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಹತ್ತುವಾಗ ಸೊಂಟಕ್ಕೆ ಬೆಲ್ಟ್ ಇರಲಿ, ಗುಡುಗು ಕೇಳಿಸಿದರೆ ಹತ್ತುವುದೇ ಬೇಡ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದು ಬಡ ದೇಶಗಳ ಕೆಲಸ ಎಂದುಕೊಂಡವರಿಗೆ ಇಂಗ್ಲೆಂಡಿನ ಲ್ಯಾಂಕಾಶೈರ್ ನೆನಪಿಸುತ್ತೇನೆ. ಅಲ್ಲಿನ ಹಳ್ಳಿಯವರು 2011ರಲ್ಲಿ ‘ಬಾರ್ನ್’ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ರಸ್ತೆ ಅಗೆಯುವುದು ದುಬಾರಿ ಎಂದು, ರೈತರು ತಮ್ಮ ಹೊಲಗಳಲ್ಲೇ ದಾರಿ ಬಿಟ್ಟುಕೊಟ್ಟರು. ತಾವೇ ಕಾಲುವೆ ತೋಡಿ ಕೊಳವೆ ಹೂತರು, ಒತ್ತಡದ ಗಾಳಿಯಿಂದ ಫೈಬರ್ ಎಳೆಯನ್ನು ಅದರೊಳಗೆ ತೂರಿಸಿದರು. ಮನೆಮನೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗ ಬಂತು. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಹುಟ್ಟಿದ ಗೀಫಿ ಜಾಲದಲ್ಲಿ ಈಗ 30,000ಕ್ಕೂ ಹೆಚ್ಚು ಸಂಪರ್ಕ ಬಿಂದುಗಳಿವೆ.

ಹಣದ ಮಾತು. ಕಂಬ ಹತ್ತುವವರಿಗೆ ಕೂಲಿ ಕೊಡಿ. ಪುಕ್ಕಟೆ ಸೇವೆಯ ಉತ್ಸಾಹ ಮೊದಲ ಮಳೆಗಾಲಕ್ಕೇ ಕರಗುತ್ತದೆ. ದಕ್ಷಿಣ ಆಫ್ರಿಕಾದ ಮಂಕೋಸಿ ಎಂಬ ಹಳ್ಳಿಯವರು 2014ರಲ್ಲಿ ಸಹಕಾರ ಸಂಘ ನೋಂದಾಯಿಸಿ ಜಾಲ ನಡೆಸಿದರು. ಜಾಲಕ್ಕೆಂದು ಹಾಕಿದ ಸೌರಫಲಕಗಳಿಂದಲೇ ಜನರ ಮೊಬೈಲ್ ಚಾರ್ಜ್ ಮಾಡಿಕೊಟ್ಟು ಸಂಘದವರು ಆದಾಯ ಗಳಿಸಿದರು. ಇಂಟರ್‌ನೆಟ್ಟಿನ ಬಿಲ್ಲಿಗೆ ಮುಂಚೆ ಚಾರ್ಜಿಂಗಿನ ಚಿಲ್ಲರೆ! ಇಂಥ ಬುದ್ಧಿ ದೂರದ ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ.

ಪರವಾನಗಿಯ ಬಗ್ಗೆ ಒಂದೇ ಮಾತು: ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ತರಂಗಗಳಿಗೆ ಬಹುತೇಕ ದೇಶಗಳಲ್ಲಿ ಪರವಾನಗಿ ಬೇಡ. ಆದರೆ ನಾಲ್ಕು ಮನೆಗೆ ಸಂಪರ್ಕ ಮಾರಲು ಬೇಕಾಗಬಹುದು, ಮೊದಲೇ ವಿಚಾರಿಸಿ.

ಇನ್ನು ಉಳಿದದ್ದು ಪಾಸ್‌ವರ್ಡ್. ಅದು ಒಬ್ಬನೇ ಜಾಣನ ತಲೆಯಲ್ಲಿದ್ದರೆ, ಅವನು ಕೆಲಸ ಹುಡುಕಿಕೊಂಡು ಊರು ಬಿಟ್ಟ ದಿನ ಜಾಲವೂ ಊರು ಬಿಟ್ಟಂತೆಯೇ. ಕಂಬ ಹತ್ತಿದರೂ ಪ್ರಯೋಜನವಿಲ್ಲ. ಎಲ್ಲ ಪಾಸ್‌ವರ್ಡ್‌ಗಳನ್ನೂ, ಯಾವ ಕಂಬದಿಂದ ಯಾವ ಕಂಬಕ್ಕೆ ಸಂಪರ್ಕ ಎಂಬ ನಕ್ಷೆಯನ್ನೂ ಕಾಗದದಲ್ಲಿ ಬರೆದು, ಬೀಗವಿರುವ ಪೆಟ್ಟಿಗೆಯಲ್ಲಿಡಿ. ಬೀಗದ ಕೈ ಇಬ್ಬರ ಬಳಿ ಇರಲಿ. ನಮಸ್ಕಾರ.